ಬೆಳವಕ್ಕಿಯ ಬೀಗರು

ಸಕ್ರೀ ಸುಳ್ಳು ಹೇಳುವ ಹುಡುಗನಲ್ಲ. ಹೇಳಿದ್ದು ಒಂದೇ ಒಂದು, ಅದೂ ಪ್ರೇಮದ ಇಕ್ಕಟ್ಟಿನಲ್ಲಿ.

ಹಾಟ್ ಯಾಯ್‌ನಿಂದ ಪಡಾಂಗ್ ಬೆಸಾರ್‌ಗೆ ಹೋಗಿಬರುವ ಗಡಿ ರೈಲಿನಲ್ಲಿ ಅವನು ಗಾರ್ಡು. ರೈಲು ಪಡಾಂಗ್ ಬೆಸಾರ್ ಮುಟ್ಟಿತೆಂದರೆ ಅದು ಮಲೇಷ್ಯಾ. ಅಲ್ಲಿಂದ ಮುಂದಕ್ಕೆ ಅವನ ರೈಲಿಗೆ ದಾರಿಯಿಲ್ಲ, ವಾಪಸ್ಸು ಹೊರಡುವವರೆಗೆ ಅವನಿಗೆ ಕೆಲಸವಿಲ್ಲ. ಮಹಡಿ ಮೇಲಿನ ಕ್ಯಾಂಟೀನಿಗೆ ಹತ್ತಿ ಚಹಾ ಕುಡಿಯುತ್ತಿದ್ದ. ಚಹಾ ಕೊಡುತ್ತಿದ್ದವಳು ಸುರಾಯಾ. ಮೊದಮೊದಲು ಒಂದು ಲೋಟ ಕುಡಿಯುತ್ತಿದ್ದವನು ಬರಬರುತ್ತ ಹೊಟ್ಟೆಯಲ್ಲಿ ಅಲೆ ಏಳುವಷ್ಟು ಕುಡಿಯತೊಡಗಿದಾಗ ಹುಡುಗಿಗೆ ವಿಷಯ ಅರ್ಥವಾಯಿತು. ಅವಳಿಗೆ ಅರ್ಥವಾದದ್ದು ಅವಳ ಅಪ್ಪನಿಗೂ ಅರ್ಥವಾಯಿತು.

ಅವಳಪ್ಪ ಹಾಜಿ ರೆಜಾಬ್ ಒಂದು ದಿನ ಆರಾವ್ ಊರಿನಿಂದ ಬಂದು ಸಕ್ರೀಯ ಎದುರು ಕೂತು, ಟೋಪಿಯಿಂದ ಬೂಟಿನವರೆಗೆ ಅವನನ್ನು ಅಳೆದು ಕೇಳಿದರು. "ನಿಮ್ಮಪ್ಪ ಏನ್ಮಾಡ್ತಾರೆ?"

ಹಾಜಿಯವರ ಮನೆಯಲ್ಲಿ ಹೆಂಚಿಗಿಂತ ಬೆಳವಕ್ಕಿಗಳೇ ಹೆಚ್ಚು ಎಂಬುದು ಆ ಲೈನಿನ ಉದ್ದಕ್ಕೂ ಗೊತ್ತಿದ್ದ ಮಾತು. ಯಾರ ಬೆಳವ ಚೆನ್ನಾಗಿ ಕೂಗುತ್ತದೆ ಎಂಬ ಸ್ಪರ್ಧೆ ಎಲ್ಲಿ ನಡೆದರೂ ಅವರು ಅಲ್ಲಿರುತ್ತಿದ್ದರು. ಬೆಳವ ಸಾಕದವನನ್ನು ಅವರು ಅರ್ಧ ಮನುಷ್ಯ ಎಂದೇ ಎಣಿಸುತ್ತಿದ್ದರಂತೆ.

"ನಮ್ಮಪ್ಪಾನೂ ಬೆಳವ ಸಾಕ್ತಾರೆ," ಎಂದುಬಿಟ್ಟ ಸಕ್ರೀ.

ಹಾಜಿಯವರ ಮುಖ ಅರಳಿತು. "ಮೊದಲೇ ಹೇಳೋದಲ್ವೇನಪ್ಪ. ಹಂಗಾದ್ರೆ ಈ ಶನಿವಾರ ನಿಮ್ಮಪ್ಪನಿಗೆ ಇಲ್ಲಿಗೇ ಬರಕ್ಕೆ ಹೇಳು. ಅವರ ಹತ್ರ ಇರೋದರಲ್ಲಿ ಒಳ್ಳೇ ಹಕ್ಕಿ ತರಲಿ. ಹಕ್ಕಿ ಕೂಗು ಕೇಳಿದ್ರೆ ನನಗೆ ಮನೆತನ ಗೊತ್ತಾಗುತ್ತೆ."

ಅದೇ ರೈಲಿನ ದಾರಿಯ ಖ್ಲೊಂಗ್ ಙೇ ನಿಲ್ದಾಣದ ಎದುರು ಕ್ಷೌರದಂಗಡಿ ಇಟ್ಟುಕೊಂಡಿದ್ದ ಸಕ್ರೀಯ ಅಪ್ಪ ದೊಲ್ಲಾನಿಗೂ ಹಕ್ಕಿಗಳಿಗೂ ಇದ್ದ ಸಂಬಂಧ ಹುರಿದ ಕೋಳಿಯ ತಟ್ಟೆಯಲ್ಲಿ ಶುರುವಾಗಿ ಅಲ್ಲೇ ಮುಗಿಯುತ್ತಿತ್ತು. ಹಾಗೆ ನೋಡಿದರೆ ಅವನಿಗೆ ಹಕ್ಕಿಗಳ ಮೇಲೆ ಸಣ್ಣ ಸಿಟ್ಟೇ ಇತ್ತು. ಬೆಳಗಿನ ಪ್ರಾರ್ಥನೆ ಮುಗಿಸಿ ಅವನು ಮತ್ತೊಂದು ಸುತ್ತು ಮಲಗುವ ಹೊತ್ತಿಗೆ ಸರಿಯಾಗಿ ಅವು ಬಾಯಿ ತೆರೆಯುತ್ತಿದ್ದವು.

ಮಗ ಬಂದು ತಪ್ಪೊಪ್ಪಿಕೊಂಡಾಗ ದೊಲ್ಲಾನ ಕೈಯಲ್ಲಿ ಕತ್ತಿ, ಕತ್ತಿಯ ಕೆಳಗೆ ಸನಿತ್ ಮೇಷ್ಟ್ರ ಗದ್ದ. ಮೇಷ್ಟ್ರು ನಿವೃತ್ತರಾದ ಮೇಲೆ ಇಡೀ ಊರನ್ನೇ ತರಗತಿ ಮಾಡಿಕೊಂಡವರು. ಗದ್ದದ ಮೇಲೆ ಕತ್ತಿ ಇದ್ದದ್ದರಿಂದ ಆಗ ಮಾತಾಡಲಾಗಲಿಲ್ಲ. ಕತ್ತಿ ಎತ್ತಿದ ಮೇಲೆ ಊರಲ್ಲಿ ಯಾರ ಮನೆಯನ್ನೂ ಬಿಡದೆ ಮಾತಾಡಿದರು.

"ನನ್ನ ಕೈಲಾಗಲ್ಲ," ಎಂದ ದೊಲ್ಲಾ ಊಟಕ್ಕೆ ಕೂತಾಗ. "ಇದ್ದದ್ದು ಇದ್ದ ಹಾಗೆ ಹೇಳ್ಬಿಡ್ತೀನಿ."

"ಹೇಳಿ," ಎಂದಳು ಹೆಂಡತಿ ಯಾಮೀಲಾ, ಸಾರು ಬಡಿಸುತ್ತ. "ನಿಮ್ಮ ಮಗ ಹುಟ್ಟಿದ ಮೇಲೆ ಕೇಳಿರೋದೇ ಇದೊಂದು. ಸೈಕಲ್ ಕೇಳ್ಲಿಲ್ಲ, ಬೈಕ್ ಕೇಳ್ಲಿಲ್ಲ. ಒಂದು ಹುಡುಗಿ ಕೇಳ್ದ. ಅದಕ್ಕೆ ನೀವು ಒಂದು ಹಕ್ಕಿ ಹಿಡ್ಕೊಂಡು ರೈಲಲ್ಲಿ ಕೂರಕ್ಕಾಗಲ್ಲ. ಆಯ್ತು ಬಿಡಿ."

ಆ 'ಆಯ್ತು ಬಿಡಿ' ಎಂಬುದರ ಅರ್ಥ ದೊಲ್ಲಾನಿಗೆ ಚೆನ್ನಾಗಿ ಗೊತ್ತಿತ್ತು. ಅನ್ನ ಬಿಟ್ಟೆದ್ದು ಖ್ಲಾಯ್ ತಾತನ ಮನೆಗೆ ಹೋದ.

ಖ್ಲಾಯ್ ತಾತ ರೈಲ್ವೆಯಲ್ಲಿ ಹಳಿ ಬದಲಿಸುವ ಕೆಲಸ ಮಾಡಿ ಮನೆ ಸೇರಿದವನು. ಅವನ ಹತ್ತಿರ ಒಂದೇ ಬೆಳವ. ಹೆಸರು ಕಂಚು. ಅದರ ಕಂಠವೂ ಕಂಚೇ. ಎಲ್ಲೋ ಸ್ಪರ್ಧೆಯಲ್ಲಿ ಗೆದ್ದ ಅದರ ಕೂಗನ್ನು ತಾತ ಮೊಬೈಲಿನಲ್ಲಿ ಹಿಡಿದು, ಊರಿನ ಎಲ್ಲರಿಗೂ ಬೆಳಗಾದರೆ ಕಳಿಸುತ್ತಿದ್ದ. ಬೇಡ ಎಂದವರಿಗೆ ಎರಡು ಸಲ ಕಳಿಸುತ್ತಿದ್ದ.

"ಒಂದು ದಿನಕ್ಕೆ ಕೊಡ್ತೀನಿ," ಎಂದ ತಾತ, ಮಗಳನ್ನು ಗಂಡನ ಮನೆಗೆ ಕಳಿಸುವವನ ಮುಖ ಮಾಡಿಕೊಂಡು. "ನನ್ನ ಗಡಿ ಪಾಸಿನ ಅವಧಿ ಮುಗಿದಿದೆ, ಇಲ್ಲದಿದ್ರೆ ನಾನೇ ಬರ್ತಿದ್ದೆ. ನೋಡು, ಇದರ ಗೂಡಿನ ಮೇಲಿನ ಬಟ್ಟೆ ಎತ್ತಬಾರದು. ಬಾಗಿಲು ತೆಗೀಬಾರದು. ಕೈಯಿಂದ ತಿನ್ನಿಸಬಾರದು. ಇದರ ಒಂದು ಗರಿ ಉದುರಿದ್ರೆ ನಿನ್ನ ತಲೆ ಮೇಲೆ ಒಂದು ಕೂದಲು ಉಳಿಸಲ್ಲ."

ಶನಿವಾರ ಬೆಳಿಗ್ಗೆ ದೊಲ್ಲಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಒಂದು ಕೈಯಲ್ಲಿ ಯಾಮೀಲಾ ಕಟ್ಟಿಕೊಟ್ಟ ತಿಂಡಿ ಬುತ್ತಿ, ಇನ್ನೊಂದು ಕೈಯಲ್ಲಿ ಕೆಂಪು ಬಟ್ಟೆ ಹೊದಿಸಿದ ಗೋಪುರದಂಥ ಗೂಡು ಹಿಡಿದು ಪ್ಲಾಟ್‌ಫಾರ್ಮಿನಲ್ಲಿ ನಿಂತ. ಸನಿತ್ ಮೇಷ್ಟ್ರು ಆಗಲೇ ಅಲ್ಲಿದ್ದರು.

"ನೀವೆಲ್ಲಿಗೆ ಮೇಷ್ಟ್ರೇ?"

"ಪಡಾಂಗ್ ಬೆಸಾರ್‌ಗೆ. ಚಹಾ ಕುಡಿಯೋಣ ಅಂತ. ಅಲ್ಲಿ ಚಹಾ ಚೆನ್ನಾಗಿರುತ್ತಂತೆ."

ರೈಲು ಬಂದು ಹತ್ತಿದರೆ ಡಬ್ಬಿಯಲ್ಲಿ ಗಿಮ್ ಅಕ್ಕನೂ ಇದ್ದಳು. ವಾರಕ್ಕೊಮ್ಮೆ ಉಪ್ಪಿನಕಾಯಿ, ಒಣಹಣ್ಣು, ಲಂಗ ಲುಂಗಿಗಳ ಗಂಟು ಹೊತ್ತು ಗಡಿ ದಾಟಿ, ಬರುವಾಗ ಬಿಸ್ಕತ್ತಿನ ಡಬ್ಬಗಳನ್ನು ಹೊತ್ತು ತರುವ ವ್ಯಾಪಾರದ ಹೆಂಗಸು. ಕಿವಿ ಸ್ವಲ್ಪ ಮಂದ. ಹಾಗಾಗಿ ಅವಳ ಮೊಬೈಲು ಕರೆ ಬಂದರೆ ಡೋಲು ಬಡಿಯುತ್ತಿತ್ತು, ಯಾವಾಗಲೂ ಜಾತ್ರೆಯ ಮೈಕಿನಂತೆ ಕಿರುಚಿ ಮಾತಾಡುತ್ತಿತ್ತು. ಸಕ್ರೀ ಹಸಿರು ಬಾವುಟ ಬೀಸಿದ. ರೈಲು ಹೊರಟಿತು. ಕಿಟಕಿಯಾಚೆ ರಬ್ಬರ್ ಮರಗಳು ಸಾಲುಗಟ್ಟಿ ಹಿಂದೆ ಸರಿದವು.

"ಏನ್ ತಮ್ಮಾ, ಹಕ್ಕಿ ಉಸಿರೇ ಬಿಡ್ತಿಲ್ಲ," ಎಂದಳು ಗಿಮ್ ಅಕ್ಕ.

"ಮಲಗಿರ್ಬೇಕು, ಅಕ್ಕ."

"ಮಲಗಿರೋ ಹಕ್ಕಿನ ಹೆಣ್ಣಿನ ಕಡೆಯವರಿಗೆ ತೋರಿಸ್ತೀಯಾ? ಮೂಗ ಗಂಡಿನ ಫೋಟೋ ಕಳಿಸ್ದ ಹಾಗೆ."

"ಬೆಳಕು ಬೇಕು ಅದಕ್ಕೆ," ಎಂದರು ಮೇಷ್ಟ್ರು. "ಪಕ್ಷಿಗಳು ಬೆಳಕು ಕಂಡ್ರೆ ಕೂಗ್ತವೆ. ನಾಲ್ಕನೇ ಕ್ಲಾಸಿನ ಪಾಠದಲ್ಲಿದೆ."

ದೊಲ್ಲಾ ಬೇಡ ಬೇಡ ಎನ್ನುವಷ್ಟರಲ್ಲಿ ಬಟ್ಟೆ ಮೇಲೆದ್ದಿತ್ತು. ಕಂಚು ಒಂದು ಕಣ್ಣಿನಿಂದ ಮೇಷ್ಟ್ರನ್ನು, ಇನ್ನೊಂದರಿಂದ ಗಿಮ್ ಅಕ್ಕನನ್ನು ನೋಡಿ, ಇವರಿಬ್ಬರ ಮುಂದೆ ಹಾಡುವ ಕರ್ಮ ತನಗೇನು ಎಂಬಂತೆ ಕುತ್ತಿಗೆ ಒಳಗೆಳೆದುಕೊಂಡಿತು.

"ಹೊಟ್ಟೆ ಹಸಿದಿದೆ ಪಾಪ," ಎಂದು ಗಿಮ್ ಅಕ್ಕ ತನ್ನ ಪೊಟ್ಟಣದಿಂದ ಚಿಟಿಕೆ ಅಂಟಕ್ಕಿ ಅನ್ನ ತೆಗೆದು, ಗೂಡಿನ ಬಾಗಿಲು ಎತ್ತಿ ಕೈ ಒಳಗೆ ಬಿಟ್ಟಳು. ಅದೇ ಹೊತ್ತಿಗೆ ರೈಲು ಯಾವುದೋ ಸಣ್ಣ ನಿಲ್ದಾಣದಲ್ಲಿ ಜಗ್ಗಿ ನಿಂತಿತು. ಗಿಮ್ ಅಕ್ಕ ಮುಂದಕ್ಕೆ ಬಾಗಿದಳು, ಗೂಡು ಹಿಂದಕ್ಕೆ ವಾಲಿತು, ಕಂಚು ಅಕ್ಕನ ಕೈಯ ಮೇಲೆ ಓಡಿ, ಭುಜ ಹತ್ತಿ, ಹಾರಿತು.

"ಕಿಟಕಿ ಹಾಕಿ," ಎಂದು ಮೇಷ್ಟ್ರು ಎದ್ದು ನಿಂತು ಆಜ್ಞೆ ಮಾಡಿದರು.

ಡಬ್ಬಿಯ ಕಿಟಕಿಗಳೆಲ್ಲ ದಡದಡ ಬಿದ್ದವು. ಕಂಚು ಫ್ಯಾನಿನ ಮೇಲೆ ಕೂತಿತು. ದೊಲ್ಲಾ ಸೀಟು ಹತ್ತಿದ. ಹಕ್ಕಿ ಸಾಮಾನಿನ ಹಲಗೆಗೆ ಹಾರಿತು. ದೊಲ್ಲಾ ಅಲ್ಲಿಗೆ ಕೈ ಚಾಚಿದ. ಅದು ಮೂಲೆಯಲ್ಲಿ ಗೊರಕೆ ಹೊಡೆಯುತ್ತಿದ್ದ ಒಬ್ಬ ಬೋಳುತಲೆಯವನ ನೆತ್ತಿಯ ಮೇಲೆ ಇಳಿದು, ಅಲ್ಲಿ ಕಾಲು ಜಾರಿದ್ದರಿಂದ ರೆಕ್ಕೆ ಬಡಿದು ಸಾವರಿಸಿಕೊಂಡಿತು. ಆ ಮನುಷ್ಯ ನಿದ್ದೆಗಣ್ಣಲ್ಲೇ, "ಪಾಸ್ ಅಂಗಿ ಜೇಬಲ್ಲಿದೆ," ಎಂದ. ದೊಲ್ಲಾ ಬುತ್ತಿಯ ಬಟ್ಟೆ ಬಿಚ್ಚಿ ಬಲೆಯಂತೆ ಬೀಸಿದ. ಹಕ್ಕಿ ತಪ್ಪಿಸಿಕೊಂಡಿತು, ರೊಟ್ಟಿಗಳು ತಪ್ಪಿಸಿಕೊಳ್ಳಲಿಲ್ಲ. ಡಬ್ಬಿಯ ನೆಲದ ತುಂಬ ಹರಡಿಕೊಂಡವು.

"ಹಿಡ್ದೆ," ಎಂದು ಗಿಮ್ ಅಕ್ಕನ ದನಿ ಕೇಳಿತು.

ಹಿಡಿದದ್ದು ನಿಜ. ಆದರೆ ಹಿಡಿದದ್ದು ಬಾಲವನ್ನು. ಬೆಳವ ಜಾಣ ಹಕ್ಕಿ. ಬಾಲ ಹಿಡಿದವರಿಗೆ ಬಾಲ ಕೊಟ್ಟು ಪ್ರಾಣ ಉಳಿಸಿಕೊಳ್ಳುತ್ತದೆ. ಗಿಮ್ ಅಕ್ಕನ ಮುಷ್ಟಿಯಲ್ಲಿ ಒಂದು ಹಿಡಿ ಗರಿ ಉಳಿಯಿತು, ಹಕ್ಕಿ ಬಾಗಿಲ ಕಡೆಗೆ ಹಾರಿತು. ಅಲ್ಲಿ, ಗಲಾಟೆ ಕೇಳಿ ಓಡಿಬಂದ ಸಕ್ರೀ ತನ್ನ ಟೋಪಿ ತೆಗೆದು ಗೋಡೆಗೆ ಒತ್ತಿ ಅದನ್ನು ಹಿಡಿದ. ಟೋಪಿಯೊಳಗೆ ಬಗ್ಗಿ ನೋಡಿದ.

"ಅಪ್ಪಾ, ಇದರ ಬಾಲ ಎಲ್ಲಿ?"

ಎಲ್ಲರೂ ಗಿಮ್ ಅಕ್ಕನ ಮುಷ್ಟಿ ನೋಡಿದರು. ಅವಳು ಮುಷ್ಟಿಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

"ಮತ್ತೆ ಬೆಳೆಯುತ್ತೆ," ಎಂದರು ಮೇಷ್ಟ್ರು. "ಹಕ್ಕಿಗೆ ಬಾಲ ಅಂದ್ರೆ ನಮಗೆ ಗಡ್ಡ ಇದ್ದ ಹಾಗೆ."

"ಯಾವಾಗ ಬೆಳೆಯುತ್ತೆ ಮೇಷ್ಟ್ರೇ? ಸಾಯಂಕಾಲದೊಳಗೆ ಬೆಳೆಯುತ್ತಾ?" ಎಂದ ದೊಲ್ಲಾ. ಅವನ ಕೈ ತಾನಾಗಿ ತಲೆಗೂದಲಿನ ಮೇಲೆ ಹೋಗಿತ್ತು.

ಪಡಾಂಗ್ ಬೆಸಾರ್ ಬಂತು. ಒಂದೇ ಕಟ್ಟಡದಲ್ಲಿ ಎರಡು ದೇಶ. ಮೊದಲ ಕಿಟಕಿಯಲ್ಲಿ ತಮ್ಮ ದೇಶದವರು ಹೊರಗೆ ಕಳಿಸಿ ಮೊಹರು ಒತ್ತುತ್ತಾರೆ, ನಾಲ್ಕು ಹೆಜ್ಜೆ ಆಚೆ ಇನ್ನೊಂದು ದೇಶದವರು ಒಳಗೆ ಕರೆದು ಮೊಹರು ಒತ್ತುತ್ತಾರೆ. ಮೊದಲ ಮೊಹರು ಸಲೀಸಾಗಿ ಬಿತ್ತು. ಎರಡನೆಯ ಕಡೆ ಇದ್ದ ಅಧಿಕಾರಿ ಸೌಮ್ಯ ಮುಖದವನು. ಕೆಂಪು ಬಟ್ಟೆ ಎತ್ತಿ ನೋಡಿ ಕೇಳಿದ. "ಇದರ ಕಾಗದ?"

"ನನ್ನ ಪಾಸ್ ಇದೆಯಲ್ಲ ಸ್ವಾಮಿ."

"ಅದು ನಿಮ್ಮದು. ಹಕ್ಕಿದು? ಪಶುವೈದ್ಯರ ಪತ್ರ ಬೇಕು. ಅದಿಲ್ಲದೆ ಹಕ್ಕಿ ಒಳಗೆ ಬರೋ ಹಾಗಿಲ್ಲ."

ಹಿಂದಿನಿಂದ ಮೇಷ್ಟ್ರು ಕತ್ತು ಚಾಚಿದರು. "ಆ ತಂತಿಬೇಲಿ ಮೇಲೆ ದಿನಾ ಸಾವಿರ ಹಕ್ಕಿ ಆಚೆಯಿಂದ ಈಚೆ ಹಾರಿ ಬರ್ತವಲ್ಲ, ಅವುಗಳ ಪತ್ರ ನೋಡ್ತೀರಾ?"

"ಹಾರಿ ಬಂದಿದ್ರೆ ನಾನು ಕೇಳ್ತಿರಲಿಲ್ಲ ಯಜಮಾನ್ರೆ," ಎಂದ ಅಧಿಕಾರಿ ಬೇಸರವಿಲ್ಲದೆ. "ಇದು ರೈಲಲ್ಲಿ ಬಂದಿದೆ. ಅದಕ್ಕೆ ಕೇಳ್ತಿದ್ದೀನಿ."

ಕೊನೆಗೆ ಆದದ್ದಿಷ್ಟು. ಗಿಮ್ ಅಕ್ಕ ಒಂದು ರಟ್ಟಿನ ಪೆಟ್ಟಿಗೆ ಖಾಲಿ ಮಾಡಿ ಕೊಟ್ಟಳು. ಸಕ್ರೀ ಅದಕ್ಕೆ ತೂತು ಕೊರೆದು, ಕಂಚುವನ್ನು ಅದರೊಳಗಿಟ್ಟು, ವಾಪಸ್ಸು ಹೊರಡುವ ತನ್ನ ರೈಲಿನ ಗಾರ್ಡಿನ ಕೋಣೆಗೆ ತೆಗೆದುಕೊಂಡು ಹೋಗಿ ಕಾವಲು ಕೂತ. ಅಪ್ಪನ ಕೈಯಲ್ಲಿ ಖಾಲಿ ಗೂಡು, ಕೆಂಪು ಬಟ್ಟೆ ಉಳಿದವು.

"ನಾನು ಮನೆಗೆ ಹೋಗ್ತೀನಿ," ಎಂದ ದೊಲ್ಲಾ.

"ಹೆಂಗೆ ಹೋಗ್ತೀಯಾ?" ಎಂದಳು ಗಿಮ್ ಅಕ್ಕ. "ಆ ದೇಶ ನಿನ್ನ ಹೊರಗೆ ಹಾಕಿ ಆಯ್ತು. ಈ ದೇಶ ಇನ್ನೂ ಒಳಗೆ ಕರೆದಿಲ್ಲ. ಇಲ್ಲೇ ಮಧ್ಯದಲ್ಲಿ ಒಂದು ಕುರ್ಚಿ ಹಾಕ್ಕೊಂಡು ಕ್ಷೌರ ಮಾಡ್ತಾ ಕೂರ್ತೀಯಾ?"

ಆಗ ಮೇಷ್ಟ್ರಿಗೆ ಒಂದು ಉಪಾಯ ಹೊಳೆಯಿತು. ಮೇಷ್ಟ್ರಿಗೆ ಉಪಾಯ ಹೊಳೆದಾಗ ಸುತ್ತಲಿನವರು ದೂರ ಸರಿಯುವುದು ಖ್ಲೊಂಗ್ ಙೇ ಊರಿನ ವಾಡಿಕೆ. ಆದರೆ ಇಲ್ಲಿ ಸರಿಯಲು ಜಾಗವಿರಲಿಲ್ಲ.

"ಹಾಜಿಯವರಿಗೆ ಬೇಕಾಗಿರೋದು ಏನು? ಹಕ್ಕಿ ಅಲ್ಲ, ಹಕ್ಕಿ ಕೂಗು. ಆ ಕೂಗು ಗಿಮ್ ಮೊಬೈಲಲ್ಲಿ ಇದೆ. ಖ್ಲಾಯ್ ದಿನಾ ಕಳಿಸಿ ಸಾಯಿಸ್ತಾನಲ್ಲ, ಅದೇ. ಮೊಬೈಲನ್ನ ಗೂಡೊಳಗೆ ಇಡೋಣ, ಬಟ್ಟೆ ಮುಚ್ಚೋಣ. ಬಟ್ಟೆ ಎತ್ತಿದ್ರೆ ಹಕ್ಕಿ ಬೆದರುತ್ತೆ ಅಂತ ಹೇಳಿಬಿಡು."

"ಮೋಸ ಅಲ್ವಾ ಮೇಷ್ಟ್ರೇ?"

"ಮೋಸ ಹೆಂಗಾಗುತ್ತೆ? ಕೂಗು ಅದೇ ಹಕ್ಕಿದು ತಾನೆ? ದನಿ ಇಲ್ಲಿದೆ, ದೇಹ ರೈಲಲ್ಲಿದೆ. ಅಷ್ಟೇ ವ್ಯತ್ಯಾಸ. ಇನ್ನೊಂದು ಮಾತು, ಮನೇಲಿ ಎಷ್ಟು ಹಕ್ಕಿ ಅಂತ ಕೇಳಿದ್ರೆ ಜಿಪುಣತನ ಮಾಡ್ಬೇಡ."

ಎರಡನೆಯ ಮೊಹರೂ ಬಿತ್ತು. ಮಹಡಿಯ ಮೇಲೆ ಹಾಜಿ ರೆಜಾಬ್ ಕರಿ ಟೋಪಿ ಹಾಕಿ ನೆಟ್ಟಗೆ ಕೂತಿದ್ದರು. ಪಕ್ಕದಲ್ಲಿ ಅವರ ಹೆಂಡತಿ ರೊಕಿಯಾ, ದುಂಡು ಮುಖದ ಹೆಂಗಸು, ಬೀಸಣಿಗೆಯಿಂದ ಗಾಳಿ ಹಾಕಿಕೊಳ್ಳುತ್ತ ಎಲ್ಲವನ್ನೂ ನೋಡುತ್ತಿದ್ದಳು. ಚಹಾದ ಕಟ್ಟೆಯ ಹಿಂದೆ ಸುರಾಯಾ ಒರೆಸಿದ ಲೋಟವನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು.

"ಒಂದು ಗಂಟೆ ಕಾಯಿಸಿದ್ರಿ," ಎಂದರು ಹಾಜಿ ಕೈ ಕುಲುಕುತ್ತ.

"ನಮ್ಮ ಗಡಿಯಾರದಲ್ಲಿ ಸರಿಯಾದ ಹೊತ್ತಿಗೇ ಬಂದಿದ್ದೀನಿ ಹಾಜಿಯವರೇ. ನಿಮ್ಮ ದೇಶ ಒಂದು ಗಂಟೆ ಮುಂದಿದೆ."

"ಅದು ಹೌದು. ಮರೆತಿದ್ದೆ. ಕೂತ್ಕೊಳ್ಳಿ." ಹಾಜಿಯವರ ಕಣ್ಣು ಮನುಷ್ಯನ ಮೇಲೆ ಇರಲಿಲ್ಲ, ಗೂಡಿನ ಮೇಲಿತ್ತು. ಪಕ್ಕದ ಮೇಜಿನಲ್ಲಿ ಇಬ್ಬರು ಅಪರಿಚಿತರು ಬಂದು ಕೂತರು. ಒಬ್ಬರು ಮೇಷ್ಟ್ರು, ಇನ್ನೊಬ್ಬಳು ಗಿಮ್ ಅಕ್ಕ.

ರೊಕಿಯಾ ಮೊದಲ ಸಲ ಬಾಯಿ ಬಿಟ್ಟಳು. "ನಿಮ್ಮ ಮನೇಲಿ ಎಷ್ಟು ಗೂಡು ಇದೆ ಅಣ್ಣ?"

ದೊಲ್ಲಾನಿಗೆ ಮೇಷ್ಟ್ರ ಮಾತು ನೆನಪಾಯಿತು. "ಎಣಿಸಿಲ್ಲಮ್ಮ. ಜಗಲಿ ತುಂಬಾ ಇದೆ."

ರೊಕಿಯಾಳ ಬೀಸಣಿಗೆ ನಿಧಾನವಾಯಿತು. ಮುಖ ಇಳಿಯಿತು. ಕಡಿಮೆಯಾಯಿತೇನೋ ಎಂದು ದೊಲ್ಲಾ ಗಾಬರಿಯಾದ. "ಹಿತ್ತಲಲ್ಲೂ ಇದೆ," ಎಂದ.

ಮುಖ ಇನ್ನೂ ಇಳಿಯಿತು.

"ಅಡುಗೆಮನೇಲಿ, ಒಲೆ ಮೇಲ್ಗಡೆ," ಎಂದ ದೊಲ್ಲಾ. "ಮಲಗೋ ಕೋಣೇಲೂ ಇದೆ. ನಾವು ಕಾಲು ಮಡಚ್ಕೊಂಡು ಮಲಗ್ತೀವಿ."

ರೊಕಿಯಾ ಬೀಸಣಿಗೆಯನ್ನು ಮೇಜಿನ ಮೇಲಿಟ್ಟು ಮಗಳ ಕಡೆ ನೋಡಿ ಬೇಡ ಎನ್ನುವಂತೆ ತಲೆಯಾಡಿಸಿದಳು. ಸುರಾಯಾಳ ಕೈಯಲ್ಲಿದ್ದ ಲೋಟ ನಿಂತಿತು.

ಹಾಜಿಯವರಿಗೆ ಇದಾವುದೂ ಕಾಣಲಿಲ್ಲ. "ಅದೆಲ್ಲ ಇರಲಿ. ಮೊದಲು ಇದನ್ನ ಕೇಳೋಣ," ಎಂದರು. ಬಟ್ಟೆಗೆ ಕೈ ಹಾಕಿದರು.

"ಎತ್ಬೇಡಿ ಹಾಜಿಯವರೇ. ಹೊಸ ಜಾಗ, ಬೆದರುತ್ತೆ. ನಾನೇ ಒಂಚೂರು ಸವರಿದ್ರೆ ಕೂಗುತ್ತೆ," ಎಂದು ದೊಲ್ಲಾ ಬಟ್ಟೆಯಡಿ ಕೈ ತೂರಿಸಿ, ಗಿಮ್ ಅಕ್ಕ ತೋರಿಸಿಕೊಟ್ಟ ಕಡೆ ಬೆರಳು ಒತ್ತಿದ.

ಗೂಡಿನೊಳಗಿಂದ ಕಂಚಿನ ಕೂಗು ಎದ್ದಿತು. ಉದ್ದವಾದ ಒಂದು ಎಳೆತ, ನಡುವೆ ಮೂರು ಸಣ್ಣ ಕುಣಿತ, ಕೊನೆಯಲ್ಲಿ ಗಂಟೆಯ ಗುಂಯ್‌ನಂಥ ಇಳಿತ. ಕ್ಯಾಂಟೀನಿನಲ್ಲಿ ಅನ್ನ ತಿನ್ನುತ್ತಿದ್ದವರು ಕೈ ನಿಲ್ಲಿಸಿದರು. ಹಾಜಿಯವರು ಕಣ್ಣು ಮುಚ್ಚಿದರು. ಅವರ ಬೆರಳು ಮೇಜಿನ ಮೇಲೆ ತಾಳ ಹಾಕಿತು. ಇನ್ನೊಂದು ಸಲ ಕೂಗಿತು. ಅವರ ಕಣ್ಣಂಚಿನಲ್ಲಿ ನೀರು ಹನಿಯಿತು.

"ಬೀಗರೇ," ಎಂದರು ಅವರು ಕಣ್ಣು ತೆರೆಯದೆ.

ದೊಲ್ಲಾನ ಎದೆ ಹಗುರಾಯಿತು. ಬೀಗರೇ ಎಂದರಲ್ಲ, ಇನ್ನೇನು ಬೇಕು. ಅವನು ಕುರ್ಚಿಗೆ ಒರಗಿದ. ಅಷ್ಟರಲ್ಲಿ ಗೂಡಿನೊಳಗೆ ಕಂಚಿನ ಕೂಗು ನಿಂತು, ಢಂಢಣ ಢಂಢಣ ಎಂದು ಚೀನೀ ಹೊಸ ವರ್ಷದ ಡೋಲು ಬಡಿಯತೊಡಗಿತು.

ಹಾಜಿಯವರು ಕಣ್ಣು ತೆರೆದರು.

"ಇದು... ಇದು ಎರಡನೇ ರಾಗ," ಎನ್ನುತ್ತ ದೊಲ್ಲಾ ಬಟ್ಟೆಯಡಿ ಕೈ ಹಾಕಿ, ಕಾಣದ ಮೊಬೈಲನ್ನು ಬಾಯಿ ಮುಚ್ಚಿಸಲು ಎಲ್ಲೆಂದರಲ್ಲಿ ಒತ್ತಿದ. ಡೋಲು ನಿಂತಿತು. ಅದರ ಬದಲು ಗೂಡಿನೊಳಗಿಂದ ಖ್ಲಾಯ್ ತಾತ ಮಾತಾಡಿದ.

"ಹಲೋ, ಗಿಮ್, ಆ ದೊಲ್ಲಾ ಎಲ್ಲಿ ಸತ್ತ? ಅವನ ಫೋನು ಗಡಿ ದಾಟಿದ್ಮೇಲೆ ಮೂಕ ಆಗುತ್ತೆ, ಅದಕ್ಕೆ ನಿನಗೆ ಮಾಡ್ದೆ. ನನ್ನ ಹಕ್ಕಿ ಹೆಂಗಿದೆ? ಹುಷಾರು ಅಂತ ಹೇಳು ಅವನಿಗೆ. ಹುಟ್ಟಿದಾಗಿಂದ ಒಂದು ಕಾಗೆಗೂ ಕಾಳು ಹಾಕ್ದೋನಲ್ಲ ಅವನು. ಅವನ ಮನೇಲಿ ಹಕ್ಕಿ ಇರ್ಲಿ, ಹಕ್ಕಿ ಚಿತ್ರದ ಕ್ಯಾಲೆಂಡರೂ ಇಲ್ಲ. ಹಲೋ? ಬಾಲ ಮುಟ್ಬೇಡಿ ಅಂತ ಹೇಳೋದು ಮರ್ತಿದ್ದೆ. ಬಾಲ ಚೆನ್ನಾಗಿದೆ ತಾನೆ? ಹಲೋ?"

ಪಕ್ಕದ ಮೇಜಿನ ಇಬ್ಬರು ಅಪರಿಚಿತರು ಚಹಾದ ಲೋಟದೊಳಗೆ ಮುಖ ಹುದುಗಿಸಿದರು.

ಹಾಜಿಯವರು ಕೆಂಪು ಬಟ್ಟೆ ಎತ್ತಿದರು. ಗೂಡಿನೊಳಗೆ ಗುಲಾಬಿ ಬಣ್ಣದ ಮೊಬೈಲು ಮಿನುಗುತ್ತಿತ್ತು. ಅವರು ಅದನ್ನು ಬಹಳ ಹೊತ್ತು ನೋಡಿದರು. ಸತ್ತ ಹಕ್ಕಿಯನ್ನು ಕಂಡಿದ್ದರೂ ಅಷ್ಟು ನೊಂದುಕೊಳ್ಳುತ್ತಿರಲಿಲ್ಲವೇನೋ.

ದೊಲ್ಲಾ ಎದ್ದು ನಿಂತ. ಕೈ ಮುಗಿಯುವುದೋ ಓಡುವುದೋ ತಿಳಿಯದೆ, "ತಪ್ಪಾಯ್ತು ಹಾಜಿಯವರೇ," ಎಂದ. "ನಾನು ಕ್ಷೌರದೋನು. ನಮ್ಮ ಮನೇಲಿ ಯಾವ ಹಕ್ಕಿನೂ ಇಲ್ಲ. ಹುಡುಗ ನಿಮ್ಮ ಮಗಳ ಮೇಲೆ ಪ್ರಾಣ ಇಟ್ಕೊಂಡಿದ್ದಾನೆ, ನೀವು ಬೇಡ ಅಂತೀರೇನೋ ಅಂತ ಹೆದರಿ ಒಂದು ಮಾತು ಆಡ್ದ. ಅವನ ಮಾತು ಉಳಿಸಕ್ಕೆ ಹೋಗಿ ನಾನು ಇಷ್ಟೆಲ್ಲಾ ಮಾಡ್ದೆ. ಬೈಯೋದಿದ್ರೆ ನನ್ನ ಬೈಯಿರಿ."

"ನಡಿ," ಎಂದರು ಹಾಜಿಯವರು ಹೆಂಡತಿಗೆ. "ಗೂಡಲ್ಲಿ ಮೊಬೈಲ್ ಸಾಕೋ ಮನೆಗೆ ಹೆಣ್ಣು ಕೊಡಲ್ಲ."

"ಕೂತ್ಕೊಳ್ಳಿ," ಎಂದಳು ರೊಕಿಯಾ.

ಹಾಜಿಯವರು ಕೂತರು. ಅವರು ಅಷ್ಟು ಬೇಗ ಕೂತದ್ದು ನೋಡಿ ದೊಲ್ಲಾನೂ ಕೂತ.

ರೊಕಿಯಾ ಬೀಸಣಿಗೆಯನ್ನು ಮತ್ತೆ ಕೈಗೆತ್ತಿಕೊಂಡಳು. "ಅಣ್ಣ, ಈಗ ನಿಜ ಹೇಳಿ. ನಿಮ್ಮ ಜಗಲೀಲಿ ಏನಿದೆ?"

"ಏನೂ ಇಲ್ಲಮ್ಮ. ಒಂದು ಬೆಂಚು."

"ಹಿತ್ತಲು?"

"ಒಂದು ಬಾಳೆಗಿಡ. ಉಳಿದದ್ದು ಖಾಲಿ."

"ಒಲೆ ಮೇಲೆ?"

"ಒಲೆ ಮೇಲೆ ಪಾತ್ರೆ."

"ಮಲಗೋ ಕೋಣೆ?"

"ನಾನು, ನನ್ನ ಹೆಂಡತಿ. ಕಾಲು ಚಾಚ್ಕೊಂಡೇ ಮಲಗ್ತೀವಿ."

ಅವಳ ದುಂಡು ಮುಖ ಹುಣ್ಣಿಮೆಯಾಯಿತು. "ನಮಗೆ ಒಪ್ಪಿಗೆ," ಎಂದಳು. "ಸುರಾಯಾ, ಬೀಗರಿಗೆ ಚಹಾ ತಾ. ಸಿಹಿ ಹೆಚ್ಚಿಗೆ ಹಾಕು."

ದೊಲ್ಲಾನಿಗೆ ತನ್ನ ಕಿವಿಯ ಮೇಲೆ ನಂಬಿಕೆ ಬರಲಿಲ್ಲ. ಪಕ್ಕದ ಮೇಜಿನ ಅಪರಿಚಿತರು ಎದ್ದು ಬಂದು ಕೈ ಕುಲುಕಿ ತಮ್ಮ ಪರಿಚಯ ಹೇಳಿಕೊಂಡರು. ಎಲ್ಲ ತಮ್ಮದೇ ಉಪಾಯ ಎಂದರು ಮೇಷ್ಟ್ರು. ಆ ತಾಯಿ ಇಷ್ಟು ವರ್ಷ ಹಕ್ಕಿಗಳ ನಡುವೆ ಎಷ್ಟು ನೊಂದಿರಬೇಕು, ಮಗಳಾದರೂ ಹಕ್ಕಿಯಿಲ್ಲದ ಮನೆ ಸೇರಲಿ ಎಂದು ಎಷ್ಟು ಹಂಬಲಿಸಿರಬೇಕು ಎಂದುಕೊಂಡು ದೊಲ್ಲಾನ ಕಣ್ಣು ತುಂಬಿ ಬಂತು.

"ನೀವು ಹೆದರ್ಬೇಡಿ ತಂಗಿ," ಎಂದ ಅವನು ಗದ್ಗದನಾಗಿ. "ನನಗೂ ಹಕ್ಕಿ ಅಂದ್ರೆ ಆಗಲ್ಲ. ನಮ್ಮ ಮನೇಲಿ ಒಂದು ರೆಕ್ಕೆ ಸದ್ದೂ ಇಲ್ಲ. ಬೇಕಾದಷ್ಟು ಜಾಗ ಇದೆ."

"ಅದೇ ನನಗೆ ಬೇಕಾಗಿದ್ದು," ಎಂದಳು ರೊಕಿಯಾ. "ಇಷ್ಟು ದಿನ ಬಂದ ಸಂಬಂಧ ಎಲ್ಲಾ ಇವರ ಸ್ನೇಹಿತರದೇ. ಎಲ್ಲರ ಮನೇಲೂ ಹಕ್ಕಿ ತುಂಬಿತ್ತು. ಇನ್ನೊಂದು ಗೂಡು ನೇತು ಹಾಕಕ್ಕೆ ಮೊಳೆ ಹೊಡೆಯೋ ಜಾಗ ಇರಲಿಲ್ಲ. ನಮ್ಮವೆಲ್ಲ ನಿಮ್ಮಲ್ಲಿ ಹಿಡಿಸ್ತವೆ."

"ನಮ್ಮವು ಅಂದ್ರೆ?"

"ಇವರ ಹಕ್ಕಿಗಳು. ಮಗಳ ಜೊತೆ ಬಳುವಳಿ ಕೊಡ್ತೀವಿ. ಮದುವೆ ಆದಾಗಿಂದ ನಾನು ಒಂದು ಬಟ್ಟೆ ಬಿಸಿಲಿಗೆ ಹಾಕಿಲ್ಲ ಅಣ್ಣ, ಹಾಕಿದ್ರೆ ತೊಳೆದದ್ದು ದಂಡ."

ಹಾಜಿಯವರು ಬಾಯಿ ತೆರೆದರು. "ನನ್ನ ಹಕ್ಕಿಗಳನ್ನ ಬಿಟ್ಟು ನಾನು ಒಂದು ದಿನ ಇರಲ್ಲ."

"ಇರಿ ಅಂತ ಯಾರಂದ್ರು? ನೀವೂ ಹೋಗಿ," ಎಂದಳು ರೊಕಿಯಾ. "ಗಡಿ ಪಾಸಿನಲ್ಲಿ ಒಂದು ತಿಂಗಳು ಅಲ್ಲಿ ಇರಬಹುದು. ತಿಂಗಳು ಮುಗಿದ ದಿನ ರೈಲು ಹತ್ತಿ ಇಲ್ಲಿಗೆ ಬಂದು, ಮೊಹರು ಹಾಕಿಸ್ಕೊಂಡು, ಕ್ಯಾಂಟೀನಲ್ಲಿ ಊಟ ಮಾಡಿ, ಅದೇ ರೈಲಿಗೆ ವಾಪಸ್ಸು. ಗಾರ್ಡು ನಮ್ಮ ಅಳಿಯನೇ, ಸೀಟಿಗೆ ತೊಂದರೆ ಇಲ್ಲ. ಮಗಳಿಗೂ ತೌರಿನವರು ಹತ್ರ ಇದ್ದ ಹಾಗಾಯ್ತು."

ಹಾಜಿಯವರು ಯೋಚಿಸಿದರು. ಆಮೇಲೆ ದೊಲ್ಲಾನ ಕಡೆ ತಿರುಗಿದಾಗ ಅವರ ಮುಖದಲ್ಲಿ ಸಿಟ್ಟಿನ ಸುಳಿವಿರಲಿಲ್ಲ. "ನಿಮ್ಮ ಜಗಲಿ ಪೂರ್ವಕ್ಕಿದೆಯೋ ಪಶ್ಚಿಮಕ್ಕಿದೆಯೋ?" ಎಂದು ಕೇಳಿದರು.

ದೊಲ್ಲಾ ಸಾಧ್ಯವಿಲ್ಲ ಎಂದು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಸಕ್ರೀ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ. ಅವನಿಗೆ ಏನೂ ತಿಳಿಯದು. ಎಲ್ಲ ಹಾಳಾಯಿತೆಂದು ಮುಖ ಸಪ್ಪೆ ಮಾಡಿಕೊಂಡಿದ್ದ. ಸುರಾಯಾ ಅವನಿಗೆ ಏನೋ ಹೇಳಿದಳು. ಅವನ ಕೈಯಲ್ಲಿದ್ದ ಲೋಟ ತುಂಬಿ ಚಹಾ ಚೆಲ್ಲುತ್ತಿತ್ತು, ಅವಳು ಸುರಿಯುತ್ತಲೇ ಇದ್ದಳು, ಅವನು ಹಿಡಿದುಕೊಂಡೇ ಇದ್ದ, ಇಬ್ಬರಿಗೂ ಅದು ಕಾಣಲಿಲ್ಲ.

ದೊಲ್ಲಾ ಬಾಯಿ ಮುಚ್ಚಿದ. ಮತ್ತೆ ತೆರೆದಾಗ ಹೊರಬಂದದ್ದು, "ಪೂರ್ವಕ್ಕಿದೆ," ಎಂಬ ಮಾತು.

"ಶ್ರೇಷ್ಠ," ಎಂದರು ಹಾಜಿ. "ಬೆಳವಕ್ಕೆ ಎಳೆ ಬಿಸಿಲು ಬೇಕು. ನಸುಕಲ್ಲೇ ಏಳ್ತವೆ. ನಾವಿಬ್ಬರೂ ಎದ್ದು ಸ್ನಾನ ಮಾಡಿಸೋಣ."

ಹಕ್ಕಿಗಳಿಗೆ ಕಾಗದ ಆಗಬೇಕು, ಅದಕ್ಕೆ ದಿನ ಹಿಡಿಯುತ್ತದೆ. ಮನುಷ್ಯನಿಗಾದರೆ ಮೊಹರು ಸಾಕು. ಹಾಜಿಯವರ ಗಡಿ ಪಾಸು ಜೇಬಿನಲ್ಲೇ ಇತ್ತು. "ಇವತ್ತೇ ಹೋಗಿ ಜಾಗ ನೋಡಿ ಮೊಳೆ ಹೊಡೆದಿಡಿ. ಬಟ್ಟೆ ನಾಳೆ ರೈಲಿಗೆ ಕಳಿಸ್ತೀನಿ," ಎಂದು ರೊಕಿಯಾ ಪ್ಲಾಟ್‌ಫಾರ್ಮಿನವರೆಗೆ ಬಂದು, ಗಂಡನನ್ನು ರೈಲಿಗೆ ಹತ್ತಿಸಿ, ರೈಲು ತಿರುವಿನಲ್ಲಿ ಮರೆಯಾಗುವ ತನಕ ಕೈ ಬೀಸಿದಳು. ಅಷ್ಟು ಚುರುಕಾಗಿ ಕೈ ಬೀಸುವುದನ್ನು ಆ ಪ್ಲಾಟ್‌ಫಾರ್ಮು ಕಂಡಿರಲಿಲ್ಲ.

ಖ್ಲೊಂಗ್ ಙೇ ನಿಲ್ದಾಣದಲ್ಲಿ ಖ್ಲಾಯ್ ತಾತ ಕಾದಿದ್ದ. ರಟ್ಟಿನ ಪೆಟ್ಟಿಗೆಯಿಂದ ಹೊರಬಂದ ಬಾಲವಿಲ್ಲದ ಕಂಚುವನ್ನು ಕಂಡು ಅವನು ದೊಲ್ಲಾನ ಕಡೆ ಒಂದು ಹೆಜ್ಜೆ ಇಟ್ಟ. ಹಾಜಿಯವರು ನಡುವೆ ಬಂದು ಹಕ್ಕಿಯನ್ನು ಅಂಗೈಯಲ್ಲಿ ತೆಗೆದುಕೊಂಡು, ಕೊರಳ ಕೆಳಗೆ ಸವರಿ, "ಈ ದನಿ ನಿಮ್ಮದೋ?" ಎಂದರು ಭಕ್ತಿಯಿಂದ. "ಬಾಲಕ್ಕೆ ನನ್ನ ಹತ್ರ ಒಂದು ಬೀಜ ಇದೆ. ತಿನ್ನಿಸೋಣ." ತಾತ ನಿಂತ. ಅವರಿಬ್ಬರೂ ಅಲ್ಲೇ ಬೆಂಚಿನ ಮೇಲೆ ಕೂತರು, ಮಾತಿಗೆ ತೊಡಗಿದರು, ನಗತೊಡಗಿದರು. ಊರಿನಲ್ಲಿ ಗಾಳಿ ಬೆಳಕಿಗೆ ಕ್ಷೌರದಂಗಡಿಯ ಮುಂದಿನ ಜಾಗವೇ ಒಳ್ಳೆಯದೆಂದು ತಾತ ಹೇಳಿದ. ಗಿರಾಕಿಗಳ ಕುರ್ಚಿ ಒಂಚೂರು ಒಳಗೆ ತಳ್ಳಿದರೆ ಇನ್ನೂ ಹತ್ತಾರು ಗೂಡು ಹಿಡಿಸುತ್ತವೆ ಎಂದು ಹಾಜಿ ಹೇಳಿದರು. ದೊಲ್ಲಾನನ್ನು ಯಾರೂ ಕೇಳಲಿಲ್ಲ. ಅವನು ಖಾಲಿ ಬುತ್ತಿ ಹಿಡಿದು ಮನೆ ಕಡೆ ನಡೆದ.

ಯಾಮೀಲಾ ಬಾಗಿಲಲ್ಲೇ ನಿಂತಿದ್ದಳು. "ಏನಾಯ್ತು? ಒಪ್ಪಿದ್ರಾ?"

"ಒಪ್ಪಿದ್ರು."

"ದೇವರು ದೊಡ್ಡವನು. ಹುಡುಗಿ ಹೆಂಗಿದ್ದಾಳೆ? ನಮ್ಮನೆಗೆ ಹೊಂದ್ಕೋತಾಳಾ?"

ಅಷ್ಟರಲ್ಲಿ ಹಾಜಿ ರೆಜಾಬ್ ಅಂಗಳಕ್ಕೆ ಬಂದಿದ್ದರು. ಯಾಮೀಲಾಳಿಗೆ ಸಲಾಂ ಹೇಳಿ, ಚಪ್ಪಲಿ ಕಳಚಿ, ಜಗಲಿಯ ಬೆಂಚಿನ ಮೇಲೆ ಹತ್ತಿ ನಿಂತು ಮಾಡಿನ ತೊಲೆಯನ್ನು ಬೆರಳಿನಿಂದ ಕುಟ್ಟಿ ನೋಡಿ, "ಸುತ್ತಿಗೆ ಇದೆಯಾ ತಂಗಿ?" ಎಂದು ಕೇಳಿದರು.

ಯಾಮೀಲಾ ಗಂಡನ ಮುಖ ನೋಡಿದಳು. "ಇವರ್ಯಾರು?"

"ಹುಡುಗಿ ಆಮೇಲೆ ಬರ್ತಾಳೆ," ಎಂದ ದೊಲ್ಲಾ. "ಮೊದಲು ಬೀಗರನ್ನ ಮನೆ ತುಂಬಿಸ್ಕೋ."